ಚನ್ನಬಸಯ್ಯನ ಮೀಸೆ ಮತ್ತು ಕಡೆಯ ನಂಬರಿನ ಕಾರು

ಆದೋನಿಯ ಹತ್ತಿ ಪೇಟೆಯಲ್ಲಿ ಚನ್ನಬಸಯ್ಯನಿಗಿಂತ ದೊಡ್ಡ ವ್ಯಾಪಾರಿಗಳು ಬೇಕಾದಷ್ಟಿದ್ದರು. ಅವನಿಗಿಂತ ದೊಡ್ಡ ಮೀಸೆ ಮಾತ್ರ ಯಾರಿಗೂ ಇರಲಿಲ್ಲ. ಎರಡೂ ತುದಿ ಎತ್ತಿನ ಕೊಂಬಿನಂತೆ ಮೇಲೆದ್ದ ಆ ಮೀಸೆಗೆ ದಿನಾ ಬೆಣ್ಣೆಯ ಉಪಚಾರ. "ನಮ್ಮ ಎಮ್ಮಿ ಹೈನ ಕೊಡೋದು ರೊಟ್ಟಿಗೋ, ನಿಮ್ಮ ಮೀಸಿಗೋ?" ಎಂದು ಹೆಂಡತಿ ವೀರಬಸಮ್ಮ ಕೇಳುತ್ತಿದ್ದಳು.

ಅಂಥ ಮೀಸೆಯನ್ನು ಅವನು ಪಣಕ್ಕಿಟ್ಟ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಹೊಳಗುಂದದ ಮಾವನ ಮನೆಯಲ್ಲಿ ಯುಗಾದಿಯ ಊಟಕ್ಕೆ ಕೂತಾಗ, ಹೋಳಿಗೆಯ ಹುರುಪಿನಲ್ಲಿ ಹೆಂಡತಿಯ ತಮ್ಮ ಚಂದ್ರಣ್ಣನ ಮುಂದೆ ಬಾಯಿಬಿಟ್ಟ: "ಕಾರು ತಗೋತೀನಿ. ಈ ಮಳಿಗಾಲದಾಗ ನಿಮ್ಮಕ್ಕನ್ನ ಕಾರಿನಾಗ ಕೂಡಿಸಿಕೊಂಡು ಇದೇ ಬಾಗಲಿಗೆ ಬರ್ತೀನಿ."

ಚಂದ್ರಣ್ಣ ಕಿಸಕ್ಕನೆ ನಕ್ಕ. "ಬರ್ರಿ ಭಾವಾ, ಬರ್ರಿ. ಬರೋವಾಗ ಹಗ್ಗ ಮರೀಬ್ಯಾಡ್ರಿ. ಎತ್ತು ನಾವು ಕೊಡ್ತೀವಿ."

"ಎತ್ತು ಎಳೆದ್ರ ನನ್ನ ಮೀಸಿ ತೆಗಸ್ತೀನಿ!"

"ಎತ್ತಿಲ್ದ ಬಂದ್ರ ನಂದು!"

ಊರಿಗೆ ಮರಳಿದ ಮೇಲೆ ಚನ್ನಬಸಯ್ಯ ಯಾವ ಕಾರು ಕೊಳ್ಳಲಿ ಎಂದು ಕಂಡಕಂಡವರನ್ನು ಕೇಳತೊಡಗಿದ. ಕಾರಿನ ವಿಷಯ ಅವನಿಗೇನು ಗೊತ್ತು? ಆ ಹೊತ್ತಿಗೆ ಬೊಂಬಾಯಿಯ ಹತ್ತಿ ಖರೀದಿದಾರನೊಬ್ಬ ಅಂಗಡಿಯಲ್ಲಿ ಇಂಗ್ಲಿಷ್ ಪತ್ರಿಕೆಯೊಂದನ್ನು ಬಿಟ್ಟುಹೋದ. ಆ ವರ್ಷದ ಕಾರುಗಳನ್ನೆಲ್ಲ ಓಡಿಸಿ ನೋಡಿ, ಇದು ಒಂದನೇ ನಂಬರ್, ಇದು ಎರಡನೇದು ಎಂದು ಅದರಲ್ಲಿ ಬರೆದಿದ್ದರು. ಸ್ಕೂಲು ಮೇಷ್ಟ್ರು ಜಂಬಯ್ಯ ಓದಿ ಅರ್ಥ ಹೇಳಿದರು. ಒಂದನೇ ನಂಬರಿನದು ನೆಲಕ್ಕೆ ತಗ್ಗು, ತೊಟ್ಟಿಲಿನಂಥ ಸೀಟು, ಸಪ್ಪಳವೇ ಇಲ್ಲ. ಕಡೆಯದು ಬಂಡಿಯ ಹಾಗೆ ಎತ್ತರ, ಸ್ಪ್ರಿಂಗು ಕಲ್ಲು, ಸಪ್ಪಳ ಮೂರು ಊರಿಗೆ. ಎಂಜಿನ್ನು ಗಟ್ಟಿಯಾದರೂ ಮರ್ಯಾದಸ್ಥರು ಕೊಳ್ಳುವಂಥದಲ್ಲ.

ಮರ್ಯಾದೆಯ ಮಾತು ಬಂದ ಮೇಲೆ ಇನ್ನೇನು! "ಒಂದನೇ ನಂಬರs ತಗೋತೀನಿ. ಅಚ್ಚು ಹಾಕ್ಸಿ ಯಾರರ ಸುಳ್ಳು ಹೇಳ್ತಾರೇನು?" ಎಂದು ಬಳ್ಳಾರಿಗೆ ಹೊರಡಲು ಸಜ್ಜಾದ.

ಹೊರಡುವ ಮುನ್ನ ಗಾದಿ ಹೊಲಿಯುವ ದಸ್ತಗಿರಮ್ಮ ಹತ್ತಿಗೆ ಬಂದಳು. ಆಕೆ ಬಂದಾಗಲೆಲ್ಲ ಚನ್ನಬಸಯ್ಯನದು ಒಂದು ಭಾಷಣ ಇದ್ದೇ ಇರುತ್ತಿತ್ತು. ತಕ್ಕಡಿ ಹಿಡಿದು ಶುರುಮಾಡಿದ: "ಬೊಂಬಾಯಿಯವ್ರು ಈ ಹತ್ತಿಗೆ ಎಳಿ ಗಿಡ್ಡ, ಮೂರನೇ ನಂಬರ್ ಅಂತಾರ. ಅವ್ರು ಗಿರಣಿ ಕಣ್ಣಿಲೆ ನೋಡ್ತಾರಬೇ. ಗಾದಿ ಕಣ್ಣಿಲೆ ನೋಡಿದ್ರ..."

"ಇದs ಒಂದನೇ ನಂಬರ್. ಪ್ರತಿ ವರ್ಷ ಕೇಳೀನಿ, ತೂಗ್ರಿ ಸಾವಕಾರ್ರ."

ತಕ್ಕಡಿ ತೂಗಲಿಲ್ಲ. ಚನ್ನಬಸಯ್ಯ ತನ್ನ ಮಾತು ತಾನೇ ಕೇಳಿಸಿಕೊಂಡವನಂತೆ ನಿಂತುಬಿಟ್ಟಿದ್ದ. ಎಳೆ ಗಿಡ್ಡ ಅಂದದ್ದು ಸುಳ್ಳೇ? ಸುಳ್ಳಲ್ಲ. ಗಿಡ್ಡ ಇದ್ದದ್ದಕ್ಕೇ ಗಾದಿಯಲ್ಲಿ ಉಬ್ಬಿ ನಿಲ್ಲುತ್ತದೆ. ಕಂಡದ್ದು ನಿಜ, ಹಾಕಿದ ನಂಬರು ಮಾತ್ರ ಅವರದು!

ತಕ್ಕಡಿಯನ್ನು ದಸ್ತಗಿರಮ್ಮನ ಕೈಗೇ ಕೊಟ್ಟು ಮೇಷ್ಟ್ರ ಮನೆಗೆ ಓಡಿದ. "ಕಡೀ ಕಾರಿಂದು ಮತ್ತೊಮ್ಮೆ ಓದ್ರಿ. ನಂಬರ್ ಬಿಡ್ರಿ, ಏನು ಕಂಡಾರ ಅದಷ್ಟs ಹೇಳ್ರಿ."

"ಬಂಡಿಯ ಹಾಗೆ ಎತ್ತರ..."

"ಇದೇನು ಬೈಗಳೇನ್ರಿ? ಹೊಳಗುಂದದ ದಾರ್ಯಾಗ ಬಂಡಿ ಬಿಟ್ಟು ಮತ್ತೇನು ಹೋಗತೈತಿ?"

"ಸ್ಪ್ರಿಂಗು ಕಲ್ಲು."

"ಅದು ಕುಂಡಿ ಪಾಡು ಮೇಷ್ಟ್ರ, ಮೀಸಿ ಪಾಡಲ್ಲ. ಮುಂದ ಓದ್ರಿ."

ಹೀಗೆ ಬಳ್ಳಾರಿಯಿಂದ ಬಂದದ್ದು ಕಡೆಯ ನಂಬರಿನ ಕಾರು. ಪೇಟೆಯವರು ನಕ್ಕರು, ಅವನು ಮೀಸೆ ತಿರುವಿದ.

ಮಳೆ ಬಂದು ಎರೆಮಣ್ಣು ಇನ್ನೂ ಹಸಿಯಿದ್ದಾಗಲೇ ಹೊರಟರು. ಮುಂದೆ ಡ್ರೈವರ್ ಹೊನ್ನೂರಪ್ಪ ಮತ್ತು ಚನ್ನಬಸಯ್ಯ, ಹಿಂದೆ ಎರಡು ಗಾದಿ ಮಡಿಸಿ ಹಾಕಿಕೊಂಡು ವೀರಬಸಮ್ಮ. ದಾರಿಯುದ್ದಕ್ಕೂ ಬಂಡಿಗಾಲಿಯ ಆಳವಾದ ಜಾಡು, ನಡುವೆ ಗೇಣೆತ್ತರದ ಮಣ್ಣಿನ ದಿಂಡು. ತಗ್ಗಿನ ಕಾರಾಗಿದ್ದರೆ ಆ ದಿಂಡಿನ ಮೇಲೆ ಹೊಟ್ಟೆಯೂರಿ ಕೂತುಬಿಡುತ್ತಿತ್ತು. ಇದು ಕೊಕ್ಕರೆಯಂತೆ ಕಾಲೂರಿಕೊಂಡು ದಾಟಿತು.

ಹೊಳಗುಂದದ ಊರಬಾಗಿಲಲ್ಲಿ, ಬರುವ ಸುದ್ದಿ ತಿಳಿದ ಚಂದ್ರಣ್ಣ ಜೋಡೆತ್ತಿನ ಹಗ್ಗ ಹಿಡಿದು, ನೋಡುವುದಕ್ಕೆ ಊರನ್ನೂ ಕರೆದುಕೊಂಡು ನಿಂತಿದ್ದ. ಕಾರಿನ ಆರ್ಭಟ ಕಿವಿಗೆ ಬಿದ್ದದ್ದೇ ತಡ, ಎತ್ತುಗಳು ಬಾಲ ಎತ್ತಿ ಓಡಿದವು. ಹಗ್ಗ ಬಿಡುವುದು ಮರೆತ ಚಂದ್ರಣ್ಣನೂ ಕೆಸರಿನಲ್ಲಿ ಜಾರುತ್ತ ಹಿಂದೆ ಹೋದ. ಅವನು ಮನೆ ಸೇರುವಷ್ಟರಲ್ಲಿ ಕಾರು ಬಾಗಿಲಲ್ಲಿತ್ತು.

"ಎಲ್ಲೈತಿ ಕತ್ತರಿ?" ಎಂದ ಚನ್ನಬಸಯ್ಯ.

ಚಂದ್ರಣ್ಣ ಕೆಸರಿನ ಮುಖದಲ್ಲೇ ಕೈಮುಗಿದ. "ಭಾವಾ, ಹೆಣ್ಣಿನ ಕಡ್ಯೋರು ನನ್ನ ನೋಡಾಕ ಬರೋರದಾರ. ಬೋಳು ಮುಖಾ ಹ್ಯಾಂಗ ತೋರಸ್ಲಿ?"

"ಬಿಟ್ಟುಬಿಡ್ರಿ, ಏನ್ರಿ. ಇದ್ದೊಬ್ಬ ತಮ್ಮ," ಎಂದಳು ವೀರಬಸಮ್ಮ.

"ಬಿಟ್ಟೆ. ಆದ್ರ ನಮ್ಮ ಕೂಡ ಕಾರಿನಾಗ ಆದೋನಿತನ ಬರಬೇಕು."

ಇಷ್ಟೇ ತಾನೆ ಎಂದು ಚಂದ್ರಣ್ಣ ಮೈತೊಳೆದು, ರುಮಾಲು ಸುತ್ತಿ, ಅಕ್ಕನ ಪಕ್ಕದಲ್ಲಿ ಹಾರಿ ಕೂತ. ಎರಡೂ ಗಾದಿ ಅಕ್ಕನ ಕೆಳಗಿದ್ದವು. ಊರು ದಾಟುವ ಮೊದಲೇ ಅವನ ತಲೆ ಮೇಲಿನ ತಗಡಿಗೆ ಬಡಿಯಿತು. ಮೊದಲ ಹಳ್ಳ ದಾಟುವಾಗ ನಾಲಿಗೆ ಕಚ್ಚಿಕೊಂಡ. ಎರಡನೆಯ ಹಳ್ಳದಲ್ಲಿ ಮುಂದಿನ ಸೀಟನ್ನು ಅಪ್ಪಿಕೊಂಡು ಕೂಗಿದ: "ಅಯ್ಯಯ್ಯೋ ಭಾವಾ, ಇಳಸ್ರಿ! ಇಳಸ್ರಿ ಅಂತೀನಿ!"

"ಮೀಸಿ?"

"ತೆಗಸ್ತೀನಿ! ನಿಮ್ಮ ಕಾಲಿಗೆ ಬೀಳ್ತೀನಿ!"

ಕಾರು ನಿಂತಿತು. ಚಂದ್ರಣ್ಣ ಸೊಂಟ ಹಿಡಿದುಕೊಂಡು ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಊರಿನ ಕಡೆ ಕೆಸರು ತುಳಿಯುತ್ತ ನಡೆದ. ಸಂಜೆಗೆ ಮಾತಿನಂತೆ ಮೀಸೆ ತೆಗೆಸಿದ. ನೋಡಲು ಬಂದ ಹೆಣ್ಣಿನ ಕಡೆಯವರು ಇದೇನೆಂದು ಕೇಳಿದ್ದಕ್ಕೆ, "ಮೀಸಿ ಮತ್ತ ಬರತೈತ್ರಿ, ಸೊಂಟ ಬರಾಂಗಿಲ್ಲ" ಅಂದನಂತೆ.