ಖಾನಾಪುರದಲ್ಲಿ ಹೊತ್ತು ಮುಳುಗುವ ಮುನ್ನ

ಸಾಂಬ್ರಾ ವಿಮಾನ ನಿಲ್ದಾಣದಿಂದ ಕ್ಲಾರಾ ಅವರನ್ನು ಸದಾಶಿವನಗರದ ನಮ್ಮ ಮನೆಗೆ ಕರೆತಂದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಲಂಡನ್ನಿನ ಸಿನಿಮಾ ಕಂಪನಿಗೆ ಚಿತ್ರೀಕರಣದ ಜಾಗ ಹುಡುಕುವುದು ಆಕೆಯ ಕೆಲಸ. ಅಂಥವರನ್ನು ನಮ್ಮ ಕಡೆಗೆ ಎಳೆದು ತರುವುದು ನನ್ನದು. ಬರುವವರೆಲ್ಲ ಗೋವಾದಲ್ಲಿ ಇಳಿದು ಅಲ್ಲಿಂದಲೇ ಹೊರಟುಬಿಡುತ್ತಾರೆ. ಈಕೆಯಾದರೂ ನಾನು ಕಳಿಸಿದ ಖಾನಾಪುರದ ಹಳೇ ಮನೆಯೊಂದರ ಫೋಟೋ ನಂಬಿ ಬಂದರಲ್ಲ! ಆದರೆ ಮರುದಿನವೇ ಶ್ರೀಲಂಕೆಗೆ ಟಿಕೆಟ್ಟಿತ್ತು. ಖಾನಾಪುರದ ಮನೆ ಹೊಂದದಿದ್ದರೆ ಚಿತ್ರೀಕರಣ ಅಲ್ಲಿಗೇ ಹೋಗುತ್ತಿತ್ತು.

ಖಾನಾಪುರಕ್ಕೆ ಹೊರಟಾಗ ರವಿವಾರ ಪೇಟೆಯಲ್ಲಿ ಬೆಲ್ಲ ಇಳಿಸುತ್ತಿದ್ದ ಲಾರಿಯ ಹಿಂದೆ ನಮ್ಮ ಬಾಡಿಗೆ ಕಾರು ಸಿಕ್ಕಿಕೊಂಡಿತು. ಅಂಗಡಿಯವರು ಕ್ಲಾರಾಗೆ ಬೆಲ್ಲ ತಿನ್ನಿಸಿ ಮರಾಠಿಯಲ್ಲೂ ಕನ್ನಡದಲ್ಲೂ ಉಪಚರಿಸಿದರು. ಆಕೆ ಖುಷಿಯಾಗಿದ್ದರು, ತಳಮಳವೆಲ್ಲ ನನಗೆ. ಇಪ್ಪತ್ತಾರು ಕಿಲೋಮೀಟರ್ ದಾರಿ ಮುಗಿಸಿದಾಗ ಮಧ್ಯಾಹ್ನ ದಾಟಿತ್ತು.

ಮನೆ ಪದ್ಮಾ ಮೌಶಿಯದು. ಅವ್ವನ ಗೆಳತಿ, ನನಗೆ ಚಿಕ್ಕವ್ವನಂತೆ; ತಲೆತಲಾಂತರದಿಂದ ಅಲ್ಲೇ ಇರುವ ಜೈನರು. ಊರಿನ ಮಣ್ಣಿನದೇ ಹಂಚು, ಸಾಗವಾನಿ ಕಂಬ, ಉದ್ದನೆಯ ಪಡಸಾಲೆ. ಕ್ಲಾರಾ ಮೂಲೆಮೂಲೆ ನೋಡಿ ತಲೆದೂಗಿದರು. ಮೌಶಿಯೂ ಎಲ್ಲಕ್ಕೂ ಹೂಂ ಅಂದರು. ಕೊನೆಗೆ ಕ್ಲಾರಾ ಮುಖ್ಯ ದೃಶ್ಯ ವಿವರಿಸಿದರು: ಕತೆಯ ಕುಟುಂಬ ರಾತ್ರಿ ದೀಪದ ಬೆಳಕಿನಲ್ಲಿ ಒಟ್ಟಿಗೆ ಉಣ್ಣುತ್ತದೆ. ನಾನದನ್ನು ಕನ್ನಡದಲ್ಲಿ ಹೇಳಿದೆ.

“ಹೊತ್ತ ಮುಣಗಿದ ಮ್ಯಾಲ ಈ ಮನ್ಯಾಗ ಯಾರೂ ಉಂಡಿಲ್ಲ. ಸುಳ್ಳು ಊಟಾನೂ ಬ್ಯಾಡವ್ವಾ,” ಎಂದರು ಮೌಶಿ.

ನಟನೆ ಅಷ್ಟೇ, ತುತ್ತು ಗಂಟಲಿಗೂ ಇಳಿಯುವುದಿಲ್ಲ ಎಂದೆ. ತಾಟು ಇಟ್ಟ ಮೇಲೆ ಅದು ಊಟವೇ ಎಂದರು. ನನಗೆ ಖರೇ ಸಿಟ್ಟು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ! ಕ್ಲಾರಾ ಕ್ಯಾಮೆರಾ ಚೀಲಕ್ಕೆ ಹಾಕಿದರು.

ಉಣ್ಣದೆ ಹೋಗುವುದು ಮಾತ್ರ ಸಾಧ್ಯವಿರಲಿಲ್ಲ. ಬಿಸಿಲು ಇಳಿದಂತೆ ಮನೆಯಲ್ಲಿ ಗಡಿಬಿಡಿ ಶುರುವಾಯಿತು. ಗಂಡಸರು ಅಂಗಡಿ ಬಿಟ್ಟು ಓಡಿಬಂದು ಕಾಲು ತೊಳೆದರು, ಸೊಸೆಯರು ಸಾಲಾಗಿ ತಾಟಿಟ್ಟರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಅನ್ನ, ತುಪ್ಪ. ಪಡುವಣ ಬಾಗಿಲಿನಿಂದ ಬಂದ ಬಿಸಿಲು ಒಂದೊಂದೇ ತಾಟು ದಾಟಿ ಒಳಗೆ ಚಾಚುತ್ತ ಮಂಕಾಗುತ್ತಿತ್ತು, ಎಲ್ಲರೂ ಅದರ ಮೇಲೆ ಕಣ್ಣಿಟ್ಟೇ ಉಣ್ಣುತ್ತಿದ್ದರು. ಕ್ಲಾರಾ ರೊಟ್ಟಿ ಕೈಯಲ್ಲಿ ಹಿಡಿದು ನೋಡುತ್ತಲೇ ಕುಳಿತರು. ಮೊದಲು ಉಣ್ಣಲು ಹೇಳು ಆಕೆಗೆ ಎಂದು ಮೌಶಿ ನನ್ನನ್ನೇ ಗದರಿದರು.

ಕೈ ತೊಳೆದವರೇ ಕ್ಲಾರಾ ಅಂಗಳಕ್ಕೆ ಹೋಗಿ ನಿರ್ದೇಶಕರಿಗೆ ಫೋನು ಹಚ್ಚಿದರು, ಬಹಳ ಹೊತ್ತು ಮಾತಾಡಿದರು. ಬಂದು ಹೇಳಿದ್ದಿಷ್ಟೇ: ರಾತ್ರಿಯ ದೃಶ್ಯ ಬೇಡ, ಕತೆಯ ಕುಟುಂಬವೂ ಇದೇ ಪಡಸಾಲೆಯಲ್ಲಿ, ಇದೇ ಹೊತ್ತಿಗೆ ಉಣ್ಣಲಿ.

ನನಗೆ ಕುಣಿಯಬೇಕೆನಿಸಿತು. ನಾನದನ್ನು ಕನ್ನಡದಲ್ಲಿ ಹೇಳಿದಾಗ ಮೌಶಿ ಮಾತ್ರ ಯೋಚನೆಗೆ ಬಿದ್ದರು.

“ಆತು. ಆದ್ರ ಕ್ಯಾಮೆರಾ ಹಿಡ್ಯಾವ್ರು ಹೊತ್ತ ಮುಣಗೂದ್ರಾಗ ಯಾವಾಗ ಉಣ್ಣಾವ್ರು? ಅವರ ಪಂಕ್ತಿ ಮೊದಲ ಮಾಡೂಣು.”

ಕ್ಲಾರಾಗೆ ಇದನ್ನು ಹೇಳಿ ಹೊರಟೆವು. ಕಾರು ತಿರುವಿನಲ್ಲಿ ಹೊರಳಿದಾಗ ಹಿಂತಿರುಗಿ ನೋಡಿದೆ. ಮೌಶಿ ಅಂಗಳದಲ್ಲಿ ನಿಂತು, ಕ್ಯಾಮೆರಾದವರಿಗೆ ಎಲ್ಲೆಲ್ಲಿ ತಾಟು ಹಾಕಬೇಕೆಂದು ಸೊಸೆಯರಿಗೆ ಕೈ ಮಾಡಿ ತೋರಿಸುತ್ತಿದ್ದರು.