ದೀಪ ಶಾಂತ ಮಾಡುವ ಶಶಿರೇಖ

ಬೆಳಗಿನ ಆರು ಗಂಟೆ. ಕೋರಮಂಡಲ್‌ನಲ್ಲಿ, ಮುಚ್ಚಿದ ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ತಗಡಿನ ಶೆಡ್ಡಿನ ಮುಂದೆ ನಿಂತ ಬಿಳಿ ಕಾರಿನ ಎಡಗಡೆಯ ಮುಂದಿನ ಚಕ್ರ ಆಗಲೇ ಕಳಚಿ ಗೋಡೆಗೆ ಒರಗಿದೆ. ಚಕ್ರವಿದ್ದ ಜಾಗಕ್ಕೆ ಮುಖ ಕೊಟ್ಟು, ಸೀರೆಯ ಮೇಲೆ ಗಂಡನ ಹಳೇ ಖಾಕಿ ಶರ್ಟು ತೊಟ್ಟು, ಮಣೆ ಹಾಕಿಕೊಂಡು ಕೂತಿರುವವರು ಶಶಿರೇಖ. ನಲವತ್ಮೂರು ವರ್ಷದ ಈ ಹೆಣ್ಣುಮಗಳು ಕಾರುಗಳ ಎಬಿಎಸ್ ಬ್ರೇಕಿನ ದೋಷ ಹುಡುಕಿ ಸರಿಮಾಡುತ್ತಾರೆ. ಕೆಲಸಕ್ಕೆ ಕೂತರೆ ಕಾಫಿ ಕುಡಿಯುವುದು ಮರೆತೇಹೋಗುತ್ತದೆ. ಇವತ್ತೂ ಲೋಟ ಶೆಡ್ಡಿನ ಕಟ್ಟೆಯ ಮೇಲೆ ಕೆನೆಗಟ್ಟಿ ಕೂತಿದೆ.

ಕಾರಿನ ಯಜಮಾನ ಆರುಮುಗಂ ಪಕ್ಕದಲ್ಲೇ ಚಡಪಡಿಸುತ್ತಿದ್ದಾರೆ. ಅರವತ್ತರ ಹತ್ತಿರದ ಮನುಷ್ಯ. ಒಂದು ಕಾಲದಲ್ಲಿ ಗಣಿಯ ಫಿಟ್ಟರ್, ಗಣಿ ಮುಚ್ಚಿದ ಮೇಲೆ ಟ್ಯಾಕ್ಸಿ ಡ್ರೈವರ್. ಕಾಮಸಮುದ್ರದ ಕಡೆಯ ಹಳ್ಳಿಗಳಲ್ಲಿ ಯಾರಿಗೆ ಹುಷಾರು ತಪ್ಪಿದರೂ ಮೊದಲು ಫೋನು ಬರುವುದು ಅವರಿಗೇ. ಮೂರು ವಾರದಿಂದ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹಳದಿಗೆ ಉರಿಯುತ್ತಿದೆ. ಗ್ಯಾರೇಜೊಂದರಲ್ಲಿ ಸೆನ್ಸರ್ ಬದಲಿಸಿದರು, ದೀಪ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಬ್ರೇಕಿನ ಇಡೀ ಕಂಪ್ಯೂಟರ್ ಡಬ್ಬಿಯೇ ಹೋಗಿದೆ ಎಂದು, ಗಾಡಿಯ ಅರ್ಧ ಬೆಲೆಯಷ್ಟು ಖರ್ಚು ಹೇಳಿದರು.

ಆರುಮುಗಂ ಕೈಚೆಲ್ಲಿದರು. ಹಳೇ ಗಾಡಿ ಕೊಂಡು ಬಿಚ್ಚಿ ಮಾರುವ ಬಂಗಾರಪೇಟೆಯ ಮುನೇಶ್ ಇವತ್ತು ಹನ್ನೊಂದಕ್ಕೆ ಕಾರು ನೋಡಲು ಬರುತ್ತಾನೆ. ಅವನ ಕಣ್ಣಿಗೆ ಆ ದೀಪ ಬಿದ್ದರೆ ಬೆಲೆ ಮುರಿಯುತ್ತಾನೆ. ಹಾಗಾಗಿ ಆರುಮುಗಂ ನಸುಕಿನಲ್ಲೇ ಓಡಿ ಬಂದದ್ದು ರಿಪೇರಿಗಲ್ಲ, ದೀಪದ ಬಲ್ಬನ್ನು ಕಿತ್ತು ಹಾಕಿಸಲು! ಕಾರು ಹೋದರೆ ಮನೆಯಲ್ಲಿ ಕೂರುವುದೊಂದೇ ಗತಿ ಎಂಬುದು ಅವರಿಗೂ ಗೊತ್ತು. ಬೇರೆ ದಾರಿ ಕಾಣದೆ ಬಂದಿದ್ದಾರೆ, ಪಾಪ.

“ಕೀಳಲ್ಲಣ್ಣ,” ಅಂದರು ಶಶಿರೇಖ, ತಲೆ ಎತ್ತದೆ. “ಕೀಳ್ಸೋದಾದ್ರೆ ಬೇರೆ ಕಡೆ ಓಗಿ. ಶಾಂತ ಮಾಡ್ಸೋದಾದ್ರೆ ಕೂತ್ಕಳಿ.”

ಈ ‘ಶಾಂತ’ ಅವರ ತಾಯಿ ಮುನಿನಾರಾಯಣಮ್ಮನವರಿಂದ ಬಂದ ಮಾತು. ಮನೆಯಲ್ಲಿ ದೀಪ ಆರಿಸು ಅನ್ನುವಂತಿರಲಿಲ್ಲ. ಅದು ಅಪಶಕುನ. ದೇವರ ದೀಪವಾಗಲಿ, ಕೊಟ್ಟಿಗೆಯ ಲಾಟೀನಾಗಲಿ, ಶಾಂತ ಮಾಡು ಅಂತಲೇ ಹೇಳಬೇಕು. ಬಾಯಿಗೆ ಕೂತ ಆ ಮಾತು ಕಾರಿನ ದೀಪಕ್ಕೂ ಬಂದಿದೆ. ಬಲ್ಬ್ ಕೀಳುವವರು, ಮೇಲೆ ಕಪ್ಪು ಟೇಪು ಅಂಟಿಸುವವರು ಈ ರಸ್ತೆಯಲ್ಲಿ ಬೇಕಾದಷ್ಟಿದ್ದಾರೆ. ಹಾಗೆ ಮಾಡುವುದೆಂದರೆ ಹೊಟ್ಟೆನೋವು ಅಂತ ಅಳುವ ಕೂಸಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ ಅನ್ನುತ್ತಾರೆ ಶಶಿರೇಖ.

ಅವರ ತಂದೆ ಮುನಿಸ್ವಾಮಪ್ಪ ಬಂಗಾರಪೇಟೆಯಲ್ಲಿ ಪಂಪುಸೆಟ್ಟಿನ ಮೋಟಾರಿಗೆ ವೈಂಡಿಂಗ್ ಮಾಡುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ ಅಪ್ಪನ ಎದುರು ಕೂತು ತಾಮ್ರದ ತಂತಿ ಸುತ್ತುವುದು ಮಗಳ ಪಾಲಿಗೆ ಆಟ. ಮೀಟರಿನ ಎರಡು ಕಡ್ಡಿ ಹಿಡಿದು, ತಂತಿ ಎಲ್ಲಿ ತುಂಡಾಗಿದೆ ಎಂದು ಹುಡುಕುವುದನ್ನು ಕಲಿತದ್ದು ಅಲ್ಲಿಯೇ. ಮದುವೆಯಾಗಿ ಕೋರಮಂಡಲ್‌ಗೆ ಬಂದರು. ಗಂಡ ವೆಂಕಿಗೆ ಲೇತ್ ಅಂಗಡಿ. ಒಂದು ದಿನ ಯಾರೋ ಎಸೆದುಹೋಗಿದ್ದ ಹಳೇ ಎಬಿಎಸ್ ಸೆನ್ಸರನ್ನು ಒಡೆದು ನೋಡಿದರೆ ಒಳಗೆ ಅದೇ ತಾಮ್ರದ ಸುರುಳಿ! ಅವತ್ತಿನಿಂದ ಇದೇ ಹುಚ್ಚು ಹಿಡಿಯಿತು.

ಶುರುವಿನಲ್ಲಿ ಸಲೀಸಾಗಿರಲಿಲ್ಲ. ಡ್ರೈವರುಗಳು ಶಶಿರೇಖರ ಎದುರೇ ನಿಂತು, ಮೆಕಾನಿಕ್ ಎಲ್ಲಿ ಎಂದು ವೆಂಕಿಯನ್ನು ಕೇಳುತ್ತಿದ್ದರು. ಮೊದಲನೇ ಕಾರಿಗೆ ಅಂದಾಜಿನ ಮೇಲೆ ಮೂರು ಸೆನ್ಸರ್ ಬದಲಿಸಿ, ಕೊನೆಗೆ ನೋಡಿದರೆ ಸವೆದ ಒಂದು ವೈರು. ಆ ಗಿರಾಕಿ ಒಂದು ಮಾತೂ ಬೈಯಲಿಲ್ಲವಂತೆ, ಅದೇ ಇವತ್ತಿಗೂ ಚುಚ್ಚುತ್ತದೆ. ಈಗ ದಿನಕ್ಕೆ ನಾಲ್ಕು ಕಾರು, ಹಬ್ಬದ ಹಿಂದೆ ಮುಂದೆ ಆರು. ಹತ್ತರಲ್ಲಿ ಏಳಕ್ಕೆ ಹೊಸ ಸಾಮಾನೇ ಬೇಡ; ವೈರು ಬೆಸೆದು, ಕೊಳೆ ಒರೆಸಿದರೆ ಮುಗಿಯಿತು. ಕೂಲಿಯಷ್ಟೇ ತೆಗೆದುಕೊಳ್ಳುತ್ತಾರೆ.

ವಿಷಯ ಇಷ್ಟೇ: ಪ್ರತಿ ಚಕ್ರದ ಹತ್ತಿರ ಒಂದು ಸೆನ್ಸರ್ ಕೂತು, ಚಕ್ರ ಎಷ್ಟು ವೇಗ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುತ್ತಿರುತ್ತದೆ. ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಕಚ್ಚಿಕೊಂಡು ಗಾಡಿ ಜಾರದಂತೆ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ಒಂದು ಚಕ್ರ ಸುದ್ದಿ ಕೊಡದಿದ್ದರೂ ಎಬಿಎಸ್ ಮಲಗುತ್ತದೆ, ದೀಪ ಉರಿಯುತ್ತದೆ.

ಆರುಮುಗಂ ಕಾರಿನ ಎಡಚಕ್ರ ಸುದ್ದಿ ಕೊಡುತ್ತಿಲ್ಲ. ಫೋನಿಗೆ ಜೋಡಿಸಿದ ಪುಟ್ಟ ಸ್ಕ್ಯಾನರ್ ಅಷ್ಟು ಹೇಳಿತು. ವೈರು ಸರಿಯಿದೆ, ಸೆನ್ಸರ್ ಹೊಸದು. ಆಗ ಶಶಿರೇಖ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು: ದೀಪ ಬರುವ ಮುಂಚೆ ಏನು ಮಾಡಿಸಿದ್ದಿರಿ? ಏನೂ ಇಲ್ಲ ಅಂದರು ಆರುಮುಗಂ. ಎರಡನೇ ಸಲವೂ ಅದೇ ಉತ್ತರ. ಮೂರನೇ ಸಲ ತಲೆ ಕೆರೆದುಕೊಂಡು, ಚಕ್ರ ಗುಂಯ್ ಅನ್ನುತ್ತಿತ್ತು, ಬೇರಿಂಗ್ ಬದಲಿಸಿದ್ದು ನಿಜ ಅಂದರು. ಅದನ್ನು ಹೇಳುವಾಗ ಎದೆ ಸ್ವಲ್ಪ ಉಬ್ಬಿತು ಕೂಡ.

“ನಾನೇ ಪಕ್ಕದಲ್ಲಿ ನಿಂತು ಆಕಿಸ್ದೆ ತಂಗಚ್ಚಿ. ಮೈನಿಂಗ್ ರೂಲು. ಬೇರಿಂಗಿನ ಕಪ್ಪು ಸೀಲು ಆಚೆ ಕಡೆ ಬರ್ಬೇಕು, ಧೂಳು ಒಳಗೆ ಓಗ್ಬಾರ್ದು.”

ಶಶಿರೇಖ ಮಣೆ ಬಿಟ್ಟು ಎದ್ದು ನಿಂತು ನಕ್ಕರು. ನಗು ಕೇಳಿ ವೆಂಕಿ ಲೇತ್ ನಿಲ್ಲಿಸಿ ಹೊರಗೆ ಬಂದರು. ಸೆನ್ಸರ್ ಕಳಚಿ, ಆ ತೂತಿನೊಳಗೆ ದಾರ ಕಟ್ಟಿದ ಗುಂಡುಸೂಜಿ ಇಳಿಬಿಟ್ಟರೆ ಅದು ಒಳಗೆ ಎಲ್ಲಿಯೂ ಅಂಟಲಿಲ್ಲ. ಅಲ್ಲಿ ಅಯಸ್ಕಾಂತ ಇರಬೇಕು, ಅಂಟಬೇಕಿತ್ತು. ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆಯುವ ಕೆಲಸ ವೆಂಕಿಯದು. ಹೊರಬರುವಷ್ಟರಲ್ಲಿ ಒಂಬತ್ತು ಗಂಟೆ.

ಶಶಿರೇಖ ಶರ್ಟಿನ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಒಳಗಿರುವುದು ಕಡ್ಡಿಯಲ್ಲ, ಕರಿಮರಳು. ಮಳೆ ನಿಂತ ಮೇಲೆ ಮೋರಿಯಂಚಿನಲ್ಲಿ ಅಯಸ್ಕಾಂತ ಆಡಿಸಿ ತಾವೇ ಕೂಡಿಸಿದ್ದು. ಈ ಊರಲ್ಲಿ ಎಲ್ಲರೂ ಚಿನ್ನ ಹುಡುಕಿ ಇದನ್ನು ಚೆಲ್ಲಿದರು, ನಾನು ಇದನ್ನೇ ಹುಡುಕುತ್ತೇನೆ ಎಂಬುದು ಅವರ ತಮಾಷೆ. ಬೇರಿಂಗಿನ ಒಂದು ಮುಖಕ್ಕೆ ಚಿಟಿಕೆ ಮರಳು ಉದುರಿಸಿದರು, ಸರಕ್ಕನೆ ಜಾರಿತು. ತಿರುಗಿಸಿ ಕಪ್ಪು ಸೀಲಿನ ಮೇಲೆ ಉದುರಿಸಿದರು. ಮರಳು ಕೂರಿಗೆಯಲ್ಲಿ ಬಿತ್ತಿದ ರಾಗಿ ಸಾಲಿನಂತೆ ಸಣ್ಣ ಸಣ್ಣ ಗೆರೆಯಾಗಿ ನಿಂತಿತು. ಸೀಲಿನೊಳಗೆ ಅಡಗಿದ ಅಯಸ್ಕಾಂತ ಅದು; ಚಕ್ರ ತಿರುಗುವಾಗ ಸೆನ್ಸರ್ ಎಣಿಸುವುದು ಈ ಗೆರೆಗಳನ್ನೇ.

“ಇದು ಮಾತಾಡೋ ಮುಖ ಅಣ್ಣ. ಸೆನ್ಸರ್ ಕಡೀಕೆ, ಒಳಗಡೆ ಇರ್ಬೇಕು. ನೀವು ಆಚೆಗೆ ಮುಖ ಮಾಡಿ ಕೂರ್ಸಿದ್ರಿ. ಮೂರು ವಾರದಿಂದ ಬರೀ ರೋಡಿಗೆ ಸುದ್ದಿ ಏಳ್ತಾ ಐತೆ.”

ಆರುಮುಗಂ ಮುಖ ನೋಡಬೇಕಿತ್ತು. ಗಣಿಯ ತಳ್ಳುಗಾಡಿಗೆ ಇಪ್ಪತ್ತು ವರ್ಷ ಸರಿಹೋದ ಬುದ್ಧಿ ಕಾರಿಗೆ ತಿರುಗುಬಾಣವಾಗಿತ್ತು. ಮೊದಲು ಪೆಚ್ಚಾದರು, ಆಮೇಲೆ ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಒತ್ತಿ ತೆಗೆದ ಬೇರಿಂಗನ್ನು ಮತ್ತೆ ಹಾಕುವಂತಿಲ್ಲ. ಹೊಸದೊಂದು ಶೆಡ್ಡಿನಲ್ಲೇ ಇತ್ತು. ಮರಳು ಉದುರಿಸಿ, ಮುಖ ನೋಡಿ, ಒರೆಸಿ, ಕೂರಿಸಿದರು. ಒಂದು ಬೇರಿಂಗು, ಅರ್ಧ ದಿನದ ಕೂಲಿ. ಅಷ್ಟೇ ಖರ್ಚು.

ಗಂಟೆ ಹತ್ತೂಮುಕ್ಕಾಲು. ಆರುಮುಗಂ ಸ್ಟಿಯರಿಂಗ್ ಹಿಡಿದರು, ಶಶಿರೇಖ ಪಕ್ಕದಲ್ಲಿ ಕೂತರು. ಚಕ್ರ ತಿರುಗುವ ತನಕ ದೀಪ ಹೋಗುವುದಿಲ್ಲ, ಅದಕ್ಕೆ ಇಬ್ಬರ ಕಣ್ಣೂ ಡ್ಯಾಶ್‌ಬೋರ್ಡಿನ ಮೇಲೆ. ಕಾರು ನಂದಿದುರ್ಗ ಗಣಿಯ ಕಡೆ ಹೊರಳಿ ನಾಲ್ಕು ಮಾರು ಹೋಗುವುದರೊಳಗೆ ಹಳದಿ ದೀಪ ಮಾಯ. ಆಳಿಲ್ಲದ ರಸ್ತೆಯ ಹಸಿಮಣ್ಣಿನ ಮೇಲೆ ಜೋರಾಗಿ ಬ್ರೇಕ್ ತುಳಿಯಲು ಹೇಳಿದರು ಶಶಿರೇಖ. ಪೆಡಲ್ ಕಾಲಡಿ ಗರಗರ ನಡುಗಿತು. ಏನೋ ಮುರಿಯಿತು ಎಂದು ಆರುಮುಗಂ ಬೆಚ್ಚಿದರು. ನಡುಗಿದ್ದು ಎಚ್ಚರಾದ ಎಬಿಎಸ್; ಗಾಡಿ ಗೆರೆ ಎಳೆದಂತೆ ನೇರ ನಿಂತಿತ್ತು.

“ಶಾಂತ ಆಯ್ತಣ್ಣ,” ಅಂದರು ಶಶಿರೇಖ.

ಆರುಮುಗಂ ಗಾಡಿಯನ್ನು ಶೆಡ್ಡಿನ ಕಡೆ ತಿರುಗಿಸಿದರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲೂ ಇಲ್ಲ.

ಹನ್ನೊಂದಕ್ಕೆ ಸರಿಯಾಗಿ ಮುನೇಶ್ ಬಸ್ಸಿಳಿದು, ಆರುಮುಗಂ ಫೋನಿನಲ್ಲಿ ಹೇಳಿದ್ದ ಗುರುತು ಹಿಡಿದು ಶೆಡ್ಡಿಗೇ ಬಂದ. ಕಾರು ಕೊಡುವುದಿಲ್ಲ ಎಂದಾಗ ಬಸ್‌ಚಾರ್ಜು ದಂಡ, ಹೊತ್ತು ದಂಡ ಎಂದು ಗೊಣಗಿದ. ಅದಕ್ಕೇನಂತೆ, ಇದೇ ಕಾರಿನಲ್ಲಿ ಬಂಗಾರಪೇಟೆಗೆ ಬಿಟ್ಟು ಅಲ್ಲಿನ ಹೆಸರುವಾಸಿ ಪಾನಿಪುರಿಯನ್ನೂ ಕೊಡಿಸುತ್ತೇನೆ ಎಂದು ಆರುಮುಗಂ ಬಾಗಿಲು ತೆರೆದರು. ಮುನೇಶ್ ಹತ್ತಿ ಕೂತ.

ಹೊರಡುವ ಮುಂಚೆ ಆರುಮುಗಂ ತಗಡಿನ ಶೆಡ್ಡನ್ನು ಮೇಲಿಂದ ಕೆಳಗೆ ನೋಡಿದರು. ಹನ್ನೆರಡು ವರ್ಷದಿಂದ ಅದಕ್ಕೊಂದು ಬೋರ್ಡಿಲ್ಲ. ನಾಳೆಯೇ ತಾನು ಬರೆಸಿ ತರುವುದಾಗಿ ಹೇಳಿ, ಯಾವ ಹೆಸರು ಹಾಕಿಸಲಿ ಎಂದು ಕೇಳಿದರು. ಶಶಿರೇಖ ಎಂದು ದಪ್ಪಕ್ಷರದಲ್ಲಿ ಬರೆಸಿ ಅಂದರು ವೆಂಕಿ. ಶಶಿರೇಖ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಲೋಟ ಕೆಳಗಿಟ್ಟರು.

“ನನ್ನೆಸ್ರು ಬ್ಯಾಡಣ್ಣ. ‘ಇಲ್ಲಿ ದೀಪ ಕೀಳೋದಿಲ್ಲ’ ಅಂತ ಬರ್ಸಿ, ಸಾಕು.”