ಬಾಗಿಲಾಚೆ ನಿಂತ ಅರಿಶಾತ್

ಮೀನಿಗೆ ಉಪ್ಪು ಹಾಕಿ ಬದುಕುವ ಊರಿನಲ್ಲಿ ಯಾರ ಕೈಯ ವಾಸನೆಯೂ ಯಾರಿಗೂ ಹೊಸದಲ್ಲ. ಆದರೂ ಭಾನುವಾರ ಬೆಳಗ್ಗೆ ಸಭೆಗೆ ಹೊರಡುವ ಮುಂಚೆ ನಮ್ಮ ಹೆಂಗಸರು ಬೂದಿ ಹಚ್ಚಿ ಕೈ ತಿಕ್ಕಿ ತೊಳೆಯುತ್ತಾರೆ. ಅಂದು ಆ ಅಂಗೈ ಮೇಲೆ ಪ್ರಭುವಿನ ರೊಟ್ಟಿ ಬೀಳಬೇಕಲ್ಲ! ಅರಿಶಾತಳೂ ತೊಳೆಯುತ್ತಿದ್ದಳು. ಎರಡು ವರ್ಷದಿಂದ ಅವಳ ಅಂಗೈ ಮೇಲೆ ಯಾರೂ ಏನನ್ನೂ ಇಟ್ಟಿರಲಿಲ್ಲ. ಆದರೂ ಉಗುರಿನ ಸಂದಿಯಲ್ಲಿ ಮೀನಿನ ಒಂದು ಹುರುಪೆಯೂ ಉಳಿಯದ ಹಾಗೆ ತೊಳೆದು, ಗೋಣಿತಟ್ಟು ಸುತ್ತಿಕೊಂಡು, ತಲೆಗೆ ಬೂದಿ ಸುರಿದುಕೊಂಡು, ಸಭೆ ಸೇರುವ ಮನೆಯ ಬಾಗಿಲಾಚೆ ಹೋಗಿ ನಿಲ್ಲುತ್ತಿದ್ದಳು. ಒಳಗೆ ಹೋಗುವವರ ಕಾಲು ಹಿಡಿದು, "ನನಗೋಸ್ಕರ ಒಂದು ಮಾತು ಬೇಡ್ಕೊಳ್ರಪ್ಪಾ, ಒಂದೇ ಒಂದು ಮಾತು" ಎಂದು ಅಳುತ್ತಿದ್ದಳು.

ಹಾಗೆ ಕಾಲು ಹಿಡಿಸಿಕೊಂಡವರಲ್ಲಿ ಅವಳ ಗಂಡ ನಂಫಾಮೊ ಇದ್ದ, ಅತ್ತೆ ಬಿರಿಕ್ತಾ ಇದ್ದಳು. ಗಂಡ ತಲೆ ತಗ್ಗಿಸಿಕೊಂಡು ದಾಟುತ್ತಿದ್ದ. ಅತ್ತೆ ಬಟ್ಟೆ ಎತ್ತಿ ಹಿಡಿದು, ಕೆಸರು ದಾಟುವವರ ಹಾಗೆ ದಾಟುತ್ತಿದ್ದಳು. ಅವಳ ಕೈ ಹಿಡಿದು ಆರು ವರ್ಷದ ಇಮಿಲ್ಕೆ ಹಿಂದಕ್ಕೆ ತಿರುಗಿ ತಿರುಗಿ ಅಮ್ಮನನ್ನು ನೋಡುತ್ತಾ ಒಳಗೆ ಹೋಗುತ್ತಿದ್ದಳು.

ಅರಿಶಾತ್ ಮಾಡಿದ ತಪ್ಪು ಇಷ್ಟೆ. ಎಲ್ಲರೂ ದೇವತೆಗಳ ಮುಂದೆ ಧೂಪ ಹಾಕಬೇಕು, ಹಾಕಿದ್ದಕ್ಕೆ ಚೀಟಿ ಪಡೆಯಬೇಕು, ಚೀಟಿ ಇಲ್ಲದವರಿಗೆ ಸೆರೆಮನೆ ಎಂದು ಆಗಿನ ಚಕ್ರವರ್ತಿಯ ಅಪ್ಪಣೆಯಾಯಿತು. ಮನೆಗೊಬ್ಬರು ಬಂದು ಎಲ್ಲರ ಪರವಾಗಿ ಹಾಕಿದರೂ ನಮ್ಮೂರಿನ ಗುಮಾಸ್ತರು ಒಪ್ಪುತ್ತಿದ್ದರು. ಕ್ರಿಸ್ತನ ಹೆಸರು ಹಿಡಿದವರ ಮನೆಗಳಲ್ಲಿ ಅವತ್ತು ಒಲೆ ಹೊತ್ತಲಿಲ್ಲ. ಬಿರಿಕ್ತಾ ಸೊಸೆಯನ್ನು ಮೂಲೆಗೆ ಕರೆದಳು.

"ನೀನೇ ಹೋಗಿ ಹಾಕಿ ಬಾರೇ. ನಿಂಗಾದ್ರೆ ವಯಸ್ಸಿದೆ, ಆಮೇಲೆ ಅತ್ತು ಕರೆದು ತೀರಿಸ್ಕೋಬಹುದು. ನಾನು ಇವತ್ತೋ ನಾಳೆಯೋ ಅನ್ನೋ ಮುದುಕಿ. ಅವನು ಗಂಡಸು, ಹೋದ್ರೆ ನಾಲ್ಕು ಜನದ ಮುಂದೆ ತಲೆ ಎತ್ತೋ ಹಾಗಿಲ್ಲ."

ತಲೆ ಎತ್ತಬೇಕಾದ ಗಂಡಸು ಆಗ ಹಿತ್ತಲಲ್ಲಿ ಖಾಲಿ ಮೀನಿನ ತೊಟ್ಟಿಯೊಳಗೆ ಮುದುರಿ ಕೂತು, ಮೇಲೆ ಹಲಗೆ ಎಳೆದುಕೊಂಡಿದ್ದ.

ಅರಿಶಾತ್ ಹೋದಳು. ಸಾಲಿನಲ್ಲಿ ನಿಂತಳು. "ಗಂಡ ಎಲ್ಲಮ್ಮಾ?" ಎಂದು ಗುಮಾಸ್ತ ಕೇಳಿದ. "ಸಮುದ್ರಕ್ಕೆ ಹೋಗಿದಾರೆ." "ಇವತ್ತು ಊರಿನ ಗಂಡಸರೆಲ್ಲಾ ಸಮುದ್ರದಲ್ಲೇ ಇದಾರಪ್ಪ! ಹಾಕು, ಬೇಗ ಹಾಕು, ಹಿಂದೆ ಜನ ಇದಾರೆ." ಅವಳು ಚಿಟಿಕೆ ಧೂಪ ಕೆಂಡದ ಮೇಲೆ ಉದುರಿಸಿದಳು. ನಾಲ್ಕು ಹೆಸರಿನ ಚೀಟಿ ಸಿಕ್ಕಿತು. ಸಿಪಾಯಿಗಳು ಮನೆಗೆ ಬಂದು, ಚೀಟಿ ನೋಡಿ, ಒಂದು ಬೊಗಸೆ ಉಪ್ಪುಮೀನು ಎತ್ತಿಕೊಂಡು ಹೋದರು.

ಮರುವರ್ಷ ಆ ಚಕ್ರವರ್ತಿ ಯಾವುದೋ ಯುದ್ಧದಲ್ಲಿ ಸತ್ತ, ಅಪ್ಪಣೆಯೂ ಸತ್ತಿತು. ಸಭೆ ಮತ್ತೆ ಸೇರಿತು. ನಂಬಿಕೆಯಿಂದ ಯಾರು ಬಿದ್ದವರು, ಯಾರು ನಿಂತವರು ಎಂದು ಹಿರಿಯರು ವಿಚಾರಿಸಿದರು. ಧೂಪ ಹಾಕಿದ ಕೈ ಅರಿಶಾತಳದು, ಆದ್ದರಿಂದ ಆ ಮನೆಯಲ್ಲಿ ಬಿದ್ದವಳು ಅವಳೊಬ್ಬಳೇ. ಮನೆಯ ಉಳಿದ ಮೂವರು ನಿಂತವರು. ಗಂಡ ತುಟಿ ಬಿಚ್ಚಲಿಲ್ಲ. ಅತ್ತೆಯಂತೂ ಅಂದಿನ ಮಾತನ್ನು ಆಡಿಯೇ ಇಲ್ಲವೆಂಬಂತೆ ಇದ್ದುಬಿಟ್ಟಳು. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು? ಥೂ, ಅವರ ಮುಖಕ್ಕಿಷ್ಟು!

"ಸಾಯೋ ಹೊತ್ತಿಗೆ ರೊಟ್ಟಿ ಕೊಟ್ಟು ಒಳಗೆ ಸೇರಿಸ್ಕೋತೀವಿ, ತಾಯಿ," ಎಂದರು ಸಭೆಯ ಹಿರಿಯ ಮಿಗ್ಗಿನ್. "ಅಲ್ಲೀವರೆಗೆ ಬಾಗಿಲಾಚೆ ನಿಂತು ಅಳಬೇಕು. ಕಾರ್ಥೇಜಿನ ಬಿಷಪರ ಕಟ್ಟಳೆ ಅದು." ಅವರು ಕೆಟ್ಟವರೇನಲ್ಲ. ಸೆರೆಮನೆಯಲ್ಲಿ ಎರಡು ಬೆರಳು ಕಳೆದುಕೊಂಡು ಬಂದ ಮನುಷ್ಯ.

ಬಾಗಿಲಾಚೆ ನಿಲ್ಲುವುದನ್ನು ಅರಿಶಾತ್ ಹೇಗೋ ತಡೆದುಕೊಳ್ಳುತ್ತಿದ್ದಳೇನೋ. ಆದರೆ ಒಂದು ದಿನ ಅಂಗಳದಲ್ಲಿ ಮೀನು ಸೀಳುತ್ತಾ ಕೂತಿದ್ದಾಗ ಒಳಗಿನ ಮಾತು ಕಿವಿಗೆ ಬಿತ್ತು.

"ಅಮ್ಮ ಯಾಕೆ ಸಭೆಗೆ ಬರಲ್ಲ, ಅಜ್ಜಿ?"

"ಅವಳು ಆ ಕಡೆಯೋಳು ಮಗಾ. ಸತ್ತ ಮೇಲೆ ನಾವೆಲ್ಲ ಈ ಕಡೆ ಇರ್ತೀವಿ, ಅವಳು ಆ ಕಡೆ. ನಡುವೆ ದೊಡ್ಡ ಕಂದಕ."

"ದಾಟಕ್ಕೆ ಹಲಗೆ ಇಲ್ವಾ?"

"ಇಲ್ಲ. ಸುಮ್ನೆ ತಿನ್ನು."

ಅಂದಿನಿಂದ ಅರಿಶಾತಳ ತಲೆಯಲ್ಲಿ ಒಂದೇ ಹುಳ. ಸಾಯುವುದಕ್ಕೆ ಅವಳಿಗೆ ಭಯವಿರಲಿಲ್ಲ. ರೊಟ್ಟಿಯಿಲ್ಲದೆ ಸತ್ತು ಮಗು ಒಂದು ಕಡೆ ತಾನೊಂದು ಕಡೆ ಆಗುವುದಕ್ಕೆ ಭಯ. ಅವಳ ಜೊತೆ ಬಾಗಿಲಲ್ಲಿ ನಿಲ್ಲುತ್ತಿದ್ದ ಮುದುಕನೊಬ್ಬ ಸಂತೆಯಲ್ಲಿ ನಿಂತ ನಿಲುವಿನಲ್ಲೇ ಕುಸಿದಿದ್ದ. ಮಿಗ್ಗಿನ್ ರೊಟ್ಟಿ ಹಿಡಿದು ಏದುಸಿರು ಬಿಡುತ್ತಾ ಓಡಿಬರುವಷ್ಟರಲ್ಲಿ ಮುದುಕನ ಹಲ್ಲು ಕಚ್ಚಿಕೊಂಡು ಜೀವ ಹೋಗಿತ್ತು. ಅದನ್ನು ಅರಿಶಾತ್ ಕಣ್ಣಾರೆ ಕಂಡಿದ್ದಳು. ಗೋಡೆ ಬಿದ್ದರೆ? ದೋಣಿ ಮಗುಚಿದರೆ? ಹಠಾತ್ತನೆ ಬರುವ ಸಾವು ತನಗೆ ಬೇಡ ಎಂದು ಅವಳು ಕೂತಲ್ಲಿ ನಿಂತಲ್ಲಿ ಬೇಡತೊಡಗಿದಳು.

ಆ ಬೇಸಿಗೆಯಲ್ಲಿ ಧಾನ್ಯದ ಹಡಗಿನ ಜೊತೆ ಜ್ವರ ಬಂತು. ಕಣ್ಣು ಕೆಂಡವಾಗಿ, ಹೊಟ್ಟೆ ಕಿತ್ತುಕೊಂಡು, ಗಂಟಲು ಹುಣ್ಣಾಗಿ, ನಾಲ್ಕೈದು ದಿನದಲ್ಲಿ ಜೀವ ಹೋಗಿಬಿಡುತ್ತಿತ್ತು. ಹೆತ್ತವರನ್ನು ಮಕ್ಕಳು ಬೀದಿಗೆ ಎಳೆದು ಹಾಕಿ ಬಾಗಿಲು ಜಡಿದುಕೊಂಡರು. ಊರೇ ಓಡುತ್ತಿದ್ದಾಗ ಅರಿಶಾತ್ ಮಾತ್ರ ಬೆರಳು ಮಡಿಸಿ ಲೆಕ್ಕ ಹಾಕಿದಳು: ನಾಲ್ಕು ದಿನ. ಹೇಳಿ ಕಳಿಸಲಿಕ್ಕೆ, ಮಿಗ್ಗಿನ್ ಬರಲಿಕ್ಕೆ, ಬಾಯಿ ತೆರೆದು ರೊಟ್ಟಿ ತಿನ್ನಲಿಕ್ಕೆ ನಾಲ್ಕು ದಿನ ಧಾರಾಳ ಸಾಕು.

ಮಗುವಿನಿಂದ ದೂರವಿರಲೆಂದು ಅವಳು ತೊಟ್ಟಿಗಳ ಪಕ್ಕದ ಉಪ್ಪಿನ ಕೊಟ್ಟಿಗೆಯಲ್ಲಿ ಹಾಸಿಗೆ ಹಾಕಿಕೊಂಡು, ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದಳು. "ಈ ಹಗ್ಗ ದಾಟಿ ಬಂದ್ರೆ ಕಾಲು ಮುರೀತೀನಿ" ಎಂದು ಇಮಿಲ್ಕೆಯನ್ನು ಹೆದರಿಸಿ, ನೇರ ಕಂಚುಗಾರ ಇಡ್ಡಿಬಾಲನ ಮನೆಗೆ ನಡೆದಳು. ಬಾಗಿಲಲ್ಲಿ ನಿಂತು ಅಳುವ ಅವಳನ್ನು "ಏನಮ್ಮಾ, ನಿಮ್ಮ ದೇವರಿಗೆ ಕಿವಿ ಕೇಳಲ್ವಾ?" ಎಂದು ಆಡಿಕೊಂಡವನು ಅವನು. ಈಗ ಜ್ವರ ಬಂದ ಹೆಂಡತಿಯನ್ನು ಒಳಗೆ ಬಿಟ್ಟು ಬೀದಿಯಲ್ಲಿ ನಿಂತಿದ್ದ.

"ಎಲ್ಲಿಗೆ ಹೋಗ್ತೀಯಾ? ತಲೆ ಕೆಟ್ಟಿದೆಯಾ ನಿಂಗೆ?"

"ಕೆಟ್ಟಿದೆ. ದಾರಿ ಬಿಡು."

ಅವಳು ಆ ಹೆಂಗಸಿನ ವಾಂತಿ ಬಳಿದಳು, ಮೈ ಒರೆಸಿದಳು, ಬಾರ್ಲಿ ಗಂಜಿ ಕುಡಿಸಿದಳು, ಅವಳು ಕುಡಿದು ಬಿಟ್ಟ ಬಟ್ಟಲಲ್ಲೇ ತಾನೂ ಕುಡಿದಳು. ಕರುಣೆಯಿಂದ ಹೋದಳು ಎಂದು ನಮ್ಮವರು ಈಗ ಹೇಳುತ್ತಾರೆ. ಸುಳ್ಳು. ಜ್ವರ ಹಚ್ಚಿಕೊಳ್ಳಲು ಹೋದಳು. ಕರುಣೆ ಬಂದಿದ್ದರೆ ಮೂರನೆಯ ದಿನ ಬಂದಿರಬೇಕು, ಆ ಹೆಂಗಸು ಕಣ್ಣು ಬಿಟ್ಟು "ಅಕ್ಕಾ" ಎಂದಾಗ.

ಆ ಹೆಂಗಸು ಬದುಕಿದಳು. ಅರಿಶಾತಳ ಮೈ ತಣ್ಣಗೇ ಇತ್ತು. ಇನ್ನೊಂದು ಮನೆಗೆ ಹೋದಳು, ಮತ್ತೊಂದಕ್ಕೆ ಹೋದಳು. ಸತ್ತವರು ಸತ್ತರು. ಆದರೆ ನೀರು ಕೊಡುವ ಕೈಯೊಂದು ಇದ್ದುದಕ್ಕೇ ಎಷ್ಟೋ ಜನ ಎದ್ದು ಕೂತರು. ಅವಳನ್ನು ಕಂಡು ಸಭೆಯ ನಾಲ್ಕಾರು ಹೆಂಗಸರು ನಾಚಿಕೆಪಟ್ಟು ತಾವೂ ಸೊಂಟ ಕಟ್ಟಿದರು. ಮಳೆಗಾಲ ಬರುವ ಹೊತ್ತಿಗೆ ಒಂಬತ್ತು ಮನೆಯವರು ನಿಮ್ಮ ಕ್ರಿಸ್ತ ಯಾರು, ನಮಗೂ ಹೇಳಿ ಎಂದು ಮಿಗ್ಗಿನರ ಬಾಗಿಲಿಗೆ ಬಂದಿದ್ದರು. ಬೋಧೆ ಕೇಳಲು ಅವರೆಲ್ಲ ಒಳಗೆ ಹೋದರು, ಅರಿಶಾತಳನ್ನು ದಾಟಿಕೊಂಡು.

ಇಡ್ಡಿಬಾಲ ಮಾತ್ರ ಹೊಸ್ತಿಲಲ್ಲಿ ನಿಂತುಬಿಟ್ಟ. "ನಮ್ಮನ್ನ ಇಲ್ಲಿಗೆ ತಂದೋಳು ಆಚೆ, ನಾವು ಒಳಗೆ. ಇದೆಂಥ ನ್ಯಾಯ ಅಯ್ಯನೋರೆ?"

"ಕಟ್ಟಳೆ ನಾನು ಬರೆದದ್ದಲ್ಲಪ್ಪಾ" ಎಂದರು ಮಿಗ್ಗಿನ್.

ಜನ ಕರಗಿದ ಮೇಲೆ ಅರಿಶಾತ್ ಅವರ ಹತ್ತಿರ ಹೋದಳು. "ನಂಗೆ ಜ್ವರ ಬಂದ ದಿನಾನೇ ಹೇಳಿ ಕಳಿಸ್ತೀನಿ. ತಡ ಮಾಡಲ್ಲ ಅಲ್ವಾ?"

ಅವರು ಅವಳ ಮುಖ ನೋಡಿದರು. "ಅದಕ್ಕಾಗಿ ಹೋಗ್ತಿದೀಯಾ ನೀನು?"

ಅವಳು ಗೋಣಿತಟ್ಟು ಕೊಡವಿಕೊಂಡು ಮುಂದಿನ ರೋಗಿಯ ಮನೆಗೆ ಹೊರಟಳು.

"ಹುಚ್ಚಿ" ಎಂದರು ಮಿಗ್ಗಿನ್. ಆದರೆ ಹೋಗಬೇಡ ಎನ್ನಲಿಲ್ಲ. ಹೇಗೆ ಅಂದಾರು? ಮಲಗಿದವರಿಗೆ ಮೈ ಒರೆಸುವವರು ಬೇಕಾಗಿತ್ತಲ್ಲ.

ಅದಾಗಿ ಎಂಟು ದಿನಕ್ಕೆ, ಎರಡು ಹೆಣ ತೊಳೆದು ಬಂದು, ಮಧ್ಯಾಹ್ನ ಉಪ್ಪಿನ ಕೊಟ್ಟಿಗೆಯಲ್ಲಿ ಬಿದ್ದುಕೊಂಡವಳಿಗೆ ಗಾಢ ನಿದ್ದೆ ಹತ್ತಿತು. ಎಚ್ಚರವಾದಾಗ ಕುತ್ತಿಗೆಯ ಮೇಲೆ ಪುಟ್ಟ ತೋಳೊಂದು ಇತ್ತು. ಇಮಿಲ್ಕೆ ಹಗ್ಗದ ಕೆಳಗೆ ನುಸುಳಿ ಬಂದು, ಅವಳ ಹೂಜಿಯಿಂದ ನೀರು ಕುಡಿದು, ಅವಳ ಬಗಲಲ್ಲಿ ಮಲಗಿಬಿಟ್ಟಿದ್ದಳು. ಜ್ವರದ ದಿನಗಳು ಶುರುವಾದ ಮೇಲೆ ಮೊದಲ ಸಲ ಆ ಮಗುವಿನ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು. ಹೇಳಬಾರದು, ಆದರೂ ಹೇಳುತ್ತೇನೆ: ಒಂದು ಗಳಿಗೆ ಅವಳು ಕಣ್ಣು ಮುಚ್ಚಿ ಹಾಗೇ ಮಲಗಿದಳು. ಆಮೇಲೆ ಕಿರುಚಿ ಮಗುವನ್ನು ದೂರ ನೂಕಿದಳು.

ನಾಲ್ಕನೆಯ ದಿನ ಮಗುವಿನ ಕಣ್ಣು ಕೆಂಪಾಯಿತು.

"ತಂದುಬಿಟ್ಟೆಯಲ್ಲೇ ಮಾರಿ! ಮನೆಗೇ ತಂದುಬಿಟ್ಟೆಯಲ್ಲೇ!" ಎಂದು ಅತ್ತೆ ಅಂಗಳದಲ್ಲಿ ನಿಂತು ಎದೆ ಬಡಿದುಕೊಂಡಳು. ಅವಳ ಮಾತು ನಿಜವೇ ಆಗಿತ್ತು. ನಂಫಾಮೊ ಹೊಸ್ತಿಲ ಹೊರಗೇ ಕೂತು ಎಳೆಯ ಮಗುವಿನ ಹಾಗೆ ಅತ್ತ. ಒಳಗೆ ಬರಲಿಲ್ಲ. ಊರಿನ ಅಷ್ಟು ಜನರನ್ನು ಎಬ್ಬಿಸಿ ಕೂರಿಸಿದ ಕೈ ತನ್ನ ಮಗುವಿಗೆ ನೀರು ಕುಡಿಸಿತು, ಮೈ ಒರೆಸಿತು, ಗಂಜಿ ಹಿಡಿಯಿತು. ಮಗು ಏಳಲಿಲ್ಲ. "ಸ್ವಾಮೀ, ಇದು ನಂದು. ನಾನು ಕೇಳಿದ ಜ್ವರ ಇದು. ತಪ್ಪು ಮನೆಗೆ ಕೊಟ್ಟಿದೀಯಾ, ವಾಪಸ್ ತಗೋ, ನಂಗೆ ಕೊಡು" ಎಂದು ಅವಳು ನೆಲಕ್ಕೆ ಹಣೆ ಚಚ್ಚಿಕೊಂಡಳು.

ಜ್ವರದ ಐದನೆಯ ದಿನ ಬೆಳಗ್ಗೆ ಮಿಗ್ಗಿನ್ ರೊಟ್ಟಿ ತಂದರು. ಮಗುವಿಗೆ ದೀಕ್ಷಾಸ್ನಾನವಾಗಿತ್ತು, ಅದು ಸಭೆಯೊಳಗಿನ ಮಗು. ಅದಕ್ಕೆ ಯಾವ ತಡೆಯೂ ಇರಲಿಲ್ಲ. ಅರಿಶಾತ್ ಗೋಡೆಗೆ ಒತ್ತಿಕೊಂಡು ನಿಂತಳು. ಹಿರಿಯರು ಪ್ರಾರ್ಥನೆ ಹೇಳಿ, ಒದ್ದೆ ಮಾಡಿದ ತುಂಡೊಂದನ್ನು ಇಮಿಲ್ಕೆಯ ಅಂಗೈಯಲ್ಲಿಟ್ಟರು. ಮಗು ಅದನ್ನು ನೋಡಿತು, ಬೆರಳಲ್ಲಿ ಮುರಿಯಿತು, ಅರ್ಧವನ್ನು ಅಮ್ಮನ ಕಡೆ ಚಾಚಿತು.

"ತಗೋ. ನೀನೂ ತಿನ್ನು."

ಮಿಗ್ಗಿನ್ ಮೆಲ್ಲಗೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ತಾವು ನೋಡಲಿಲ್ಲ ಎಂದು ನಾಳೆ ಅವರು ಹೇಳಬಹುದಿತ್ತು.

ಎರಡು ವರ್ಷ ಅವಳು ಅತ್ತದ್ದು ಆ ತುಂಡಿಗಾಗಿ. ಕೈ ಚಾಚಿದ್ದರೆ ಸಾಕಿತ್ತು. ಆದರೆ ಕದ್ದು ತಿಂದವರ ಬಾಯಲ್ಲಿ ಅದು ಕೆಂಡವಾಗುತ್ತದೆ ಎಂದು ಬಾಗಿಲಲ್ಲಿ ನಿಲ್ಲುವವರೆಲ್ಲ ಹೇಳುತ್ತಿದ್ದರು. ಅದಕ್ಕೂ ಅವಳು ಹೆದರುತ್ತಿರಲಿಲ್ಲ. ಮಗುವಿನ ಪಾಲಿನಲ್ಲಿ ಅರ್ಧ ಕಡಿಮೆಯಾದರೆ ಮಗುವಿಗೆ ಆ ಕಡೆ ಏನಾದರೂ ಕಡಿಮೆಯಾದೀತೇ, ಅದೊಂದು ಅವಳಿಗೆ ಗೊತ್ತಿರಲಿಲ್ಲ. ಕೇಳಲು ಹೊತ್ತೂ ಇರಲಿಲ್ಲ. ಅವಳು ಮಗುವಿನ ಕೈಯನ್ನು ಮಡಿಸಿ ಅದರ ಬಾಯಿಗೇ ಒಯ್ದಳು.

"ನೀನು ತಿನ್ನು ಚಿನ್ನ. ನಂಗೆ ಹಸಿವಿಲ್ಲ."

ಮಧ್ಯಾಹ್ನಕ್ಕೆ ಇಮಿಲ್ಕೆ ಹೋದಳು. ಸಭೆಯವರನ್ನು ಹೂಳುವ ಗುಡ್ಡದ ಜಾಗಕ್ಕೆ ನಂಫಾಮೊ ಅವಳನ್ನು ಎತ್ತಿಕೊಂಡು ಹೋದ. ಅರಿಶಾತ್ ಬೇಲಿಯ ಆಚೆ ನಿಂತಳು. ಮನೆಗೆ ಬಂದು ಮಗುವಿನ ಹಾಸಿಗೆಯಲ್ಲೇ ಮಲಗಿ, ಮಗುವಿನ ಕಂಬಳಿ ಹೊದ್ದು ಜ್ವರಕ್ಕೆ ಕಾದಳು. ಹತ್ತು ದಿನ ಕಾದಳು. ಬರಲಿಲ್ಲ.

ಆರು ವಾರವಾದ ಮೇಲೆ ಕಾರ್ಥೇಜಿನಿಂದ ಬಿಷಪರ ಕಾಗದ ಬಂತು. ಮತ್ತೆ ಕಷ್ಟದ ದಿನ ಬರುವ ಹಾಗಿದೆ, ಬಾಗಿಲಲ್ಲಿ ನಿಂತು ಅತ್ತವರನ್ನೆಲ್ಲ ಸಾವಿಗೆ ಕಾಯಿಸದೆ ಒಳಗೆ ಸೇರಿಸಿಕೊಳ್ಳಿ ಎಂದು ಅದರಲ್ಲಿತ್ತು. ಅಲ್ಲಿದ್ದ ಏಳು ಜನ ಗೋಳೋ ಎಂದು ಅಳುತ್ತಾ ಒಳಗೆ ನುಗ್ಗಿದರು. ಅರಿಶಾತ್ ಕದಲಲಿಲ್ಲ. ಮಿಗ್ಗಿನ್ ಆಚೆ ಬಂದರು.

"ಬಾಮ್ಮಾ. ಇನ್ನು ತಡೆಯೋರು ಯಾರೂ ಇಲ್ಲ."

"ಆರು ವಾರ ಮುಂಚೆ ಬರಬಾರದಾಗಿತ್ತಾ ಅಯ್ಯನೋರೆ, ಈ ಕಾಗದ?"

ಅವರು ಎರಡು ಬೆರಳಿಲ್ಲದ ಕೈಯಿಂದ ಕಣ್ಣು ಒರೆಸಿಕೊಂಡರು.

"ಒಳಗೆ ಬಂದ್ರೆ ನನ್ನನ್ನ ಗುಡ್ಡದ ಮೇಲೆ ಹೂಳ್ತೀರಾ?"

"ಹೂಳ್ತೀವಿ."

"ಅವಳ ಪಕ್ಕದಲ್ಲೇ?"

"ಅವಳ ಪಕ್ಕದಲ್ಲೇ."

"ಅಲ್ಲಿ ಬೇರೆ ಯಾರನ್ನೂ ಹೂಳಬೇಡಿ ಮತ್ತೆ" ಎಂದು ಹೇಳಿ, ಅವರಿಂದ ಆಣೆ ಹಾಕಿಸಿಕೊಂಡು, ಅರಿಶಾತ್ ಒಳಗೆ ಹೋದಳು. ಮಿಗ್ಗಿನ್ ಕೊಟ್ಟ ಮಾತಿಗೆ ತಪ್ಪಲಿಲ್ಲ, ಅವರ ನಂತರ ಬಂದ ಹಿರಿಯರೂ ತಪ್ಪಲಿಲ್ಲ. ಆ ಜಾಗ ಅವಳಿಗಾಗಿ ಮೂವತ್ತೊಂದು ವರ್ಷ ಖಾಲಿ ಇತ್ತು.